ಬುತ್ತಿ ಇಡುವ ಕಲ್ಲು

ಪರದೆ ಬೆಳ್ಳಗಾಯಿತು, ಯಾರೋ ಟ್ಯೂಬ್‌ಲೈಟು ಹಾಕಿದರು, ಇನ್ಯಾರೋ ಮುತ್ತುರಾಜನ ಕೈಗೆ ಮಂಡಕ್ಕಿಯ ಪೊಟ್ಟಣ ಕೊಟ್ಟು ಮೇಲೆ ಎರಡು ಮೆಣಸಿನಕಾಯಿ ಇಟ್ಟು ಹೋದರು. ಎಣ್ಣೆ ಪೇಪರಿಗೆ ಇಳಿದು, ಆಚೆ ಪುಟದ ಅಕ್ಷರಗಳು ಒಂದೊಂದೇ ಈಚೆಗೆ ಎದ್ದು ಬರುವುದನ್ನು ನೋಡುತ್ತ ಅವನು ಕೂತೇ ಇದ್ದ. ಶಿವಮೂರ್ತಪ್ಪನವರ ಹಳೇ ಎಣ್ಣೆ ಮಿಲ್ಲಿನ ಗೋಡೌನು ಅದು. ಮಿಲ್ಲು ನಿಂತು ಎಂಟು ವರ್ಷವಾದರೂ ಗೋಡೆಗಳಿಂದ ಶೇಂಗಾ ಹಿಂಡಿಯ ವಾಸನೆ ಹೋಗಿರಲಿಲ್ಲ. ಆ ವಾಸನೆಯಲ್ಲಿಯೇ ಚಳ್ಳಕೆರೆಯ ಓದು ಬಳಗದವರು ತಿಂಗಳಿಗೊಮ್ಮೆ ಸೇರಿ, ಪುಸ್ತಕ ಓದಿ, ಜಗಳಾಡಿ, ಮಂಡಕ್ಕಿ ತಿಂದು, ಲೋಕವನ್ನು ತಿದ್ದಿ ಮನೆಗೆ ಹೋಗುತ್ತಿದ್ದರು. ಈ ಶನಿವಾರ ಪುಸ್ತಕದ ಬದಲು ಮೂರು ಸಾಕ್ಷ್ಯಚಿತ್ರ. ಮೊದಲನೆಯದರಲ್ಲಿ ಮ್ಯಾನ್‌ಹೋಲಿಗೆ ಇಳಿದು ಸತ್ತವನೊಬ್ಬನ ಹೆಂಡತಿ ಗಂಡನ ಚಪ್ಪಲಿಯನ್ನು ಸೋಪು ಹಾಕಿ ತೊಳೆಯುತ್ತಿದ್ದಳು. ಮುತ್ತುರಾಜ ಅತ್ತಿದ್ದ, ಪಕ್ಕದವರಿಗೆ ಕಾಣುವಂತೆಯೇ ಕರವಸ್ತ್ರ ತೆಗೆದಿದ್ದ. ಎರಡನೆಯದು ಹುಲ್ಲುಗಾವಲಿಗೆ ಬೇಲಿ ಬಿದ್ದ ಕತೆ. ಅದಕ್ಕೆ ಅವನ ಮುಷ್ಟಿ ತಾನಾಗಿ ಬಿಗಿದಿತ್ತು, "ಥೂ ಇವರ" ಎಂದು ಸಾಲಿನ ಕೊನೆಯವರೆಗೂ ಕೇಳುವ ಹಾಗೆ ಬೈದಿದ್ದ. ಕಾಣದವರ ಕಷ್ಟಕ್ಕೆ ತನ್ನ ಕಣ್ಣು ಎಷ್ಟು ಸಲೀಸಾಗಿ ನೀರು ಕೊಡುತ್ತದೆ, ಕೊಡ ಇಟ್ಟವರಿಗೆಲ್ಲ ಸುರಿಯುವ ಬೀದಿ ನಲ್ಲಿಯ ಹಾಗೆ. ಮೂರನೆಯದು ಮುಗಿದಾಗ ಮಾತ್ರ ಅಳುವೂ ಇಲ್ಲ, ಸಿಟ್ಟೂ ಇಲ್ಲ. ಬೆರಳ ತುದಿಗಳು ತಣ್ಣಗಾಗಿದ್ದವು, ಅಷ್ಟೇ.

ಮೂರನೆಯದನ್ನು ತೆಗೆದವಳು ಶಿವಮೂರ್ತಪ್ಪನವರ ಮಗಳು ಶಿವರಂಜನಿ. ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗೆ ಕೂರಿಸುವ ಪದ್ಧತಿಯ ಮೇಲೆ ನಲವತ್ತು ನಿಮಿಷದ ಚಿತ್ರ. ಅವಳನ್ನು ಆ ಕಡೆಗೆ ಕರೆದುಕೊಂಡು ಹೋದವನು, ಮಾತಾಡುವ ಹೆಂಗಸನ್ನು ಹುಡುಕಿಕೊಟ್ಟವನು ಮುತ್ತುರಾಜನೇ. "ನಮ್ಮ ಹಟ್ಟಿಯ ಅಕ್ಕ ಒಬ್ಬಳಿದ್ದಾಳೆ" ಎಂದಿದ್ದ. ಹಟ್ಟಿಯಲ್ಲಿ ಹಿರಿಯ ಹೆಂಗಸರೆಲ್ಲ ಅಕ್ಕಂದಿರೇ. ಶಿವರಂಜನಿ ಹೆಚ್ಚು ಕೇಳಲಿಲ್ಲ, ಒಡಹುಟ್ಟಿದ ಅಕ್ಕ ಎಂದು ಇವನು ಹೇಳಲೂ ಇಲ್ಲ. ಮುಖ ತೋರಿಸಬಾರದು ಎನ್ನುವುದೊಂದೇ ಅಕ್ಕನ ಷರತ್ತು. ಕಾವಲಿನಲ್ಲಿ ಕುರಿ ಮೇಯಿಸುವಾಗ, ಹಟ್ಟಿಯ ಕಣ್ಣಿಗೆ ಬೀಳದ ಹಾಗೆ, ಒಂದು ಮಧ್ಯಾಹ್ನ ಕೂರಿಸಿ ತೆಗೆದರು. "ದನೀನೂ ಬದಲಾಯಿಸೋಣ್ವಾ ಸರ್?" ಎಂದು ಆಮೇಲೆ ಶಿವರಂಜನಿ ಕೇಳಿದಾಗ ಇವನು ದೊಡ್ಡ ಮನುಷ್ಯನ ಹಾಗೆ, "ಬೇಡಮ್ಮಾ, ದನಿಯಲ್ಲೇ ಇರೋದು ಸತ್ಯ. ಮುಖ ಕಾಣದಿದ್ರೆ ಸಾಕು" ಎಂದಿದ್ದ.

ಈಗ ಪರದೆಯ ಮೇಲೆ ಅಕ್ಕನ ಮುಖ ಇರುವಲ್ಲಿ ಒಂದು ಮಂಜಿನ ಉಂಡೆ ಅಲುಗಾಡಿತ್ತು. ಆ ಮಂಜಿನೊಳಗಿಂದ ಅಕ್ಕ ಜುಂಜಮ್ಮನ ದನಿ, ಒಂದಿಷ್ಟೂ ಮಾಸದೆ, ಗೋಡೌನಿನ ತಗಡಿಗೆ ಬಡಿದು ಬಂದಿತ್ತು. ಹೊರಗೆ ಕೂರಿಸಿದ್ದಾಗ ತನ್ನ ಕೂಸು ಸತ್ತ ಕತೆ ಹೇಳುತ್ತಿದ್ದವಳು ನಡುವೆ ತಟ್ಟನೆ ನಿಲ್ಲಿಸಿ, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ, "ಟ್ರ್ರ್ರ... ಹೊಯ್ ಕೆಂಚೀ, ಈ ಕಡೀಕ್ ಬಾರೇ!" ಎಂದು ಕೂಗಿದಳು, ದೂರ ಹೋಗುತ್ತಿದ್ದ ಮೇಕೆಯೊಂದು ತಿರುಗಿ ಬಂದಿತು, ಗೋಡೌನಿನಲ್ಲಿ ಕೂತವರು ಮೆಚ್ಚಿ ನಕ್ಕರು. ಮುತ್ತುರಾಜನಿಗೆ ಆಗ ಹೊಳೆಯಿತು. ಸಂಜೆ ಹೊತ್ತು, ಮೂರು ನಾಲ್ಕು ಮಂದೆ ಒಟ್ಟಿಗೆ ಹಟ್ಟಿಗೆ ತಿರುಗುವಾಗ, ಧೂಳಿನಲ್ಲಿ ಯಾರಿಗೆ ಯಾರ ಮುಖ ಕಾಣುತ್ತದೆ? ಒಬ್ಬೊಬ್ಬರದು ಒಂದೊಂದು ಕೂಗು. ಕೂಗಿದರೆ ಕುರಿಗಳು ತಾವೇ ಬೇರೆಬೇರೆಯಾಗಿ ತಮ್ಮ ತಮ್ಮ ರೊಪ್ಪದ ಕಡೆ ನಡೆಯುತ್ತವೆ. ಹಟ್ಟಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಮನುಷ್ಯರ ಗುರುತು ಇರುವುದು ಗಂಟಲಿನಲ್ಲಿ ಎಂದು. ಇಪ್ಪತ್ತು ವರ್ಷ ಪೇಟೆಯಲ್ಲಿ ಗುರುತಿನ ಚೀಟಿಗಳ ಫೋಟೋ ನೋಡಿ ನೋಡಿ ಅವನಿಗೆ ಅದು ಮರೆತಿತ್ತು. ಕಾಣದಂತೆ ಮಾಡಬೇಕಿದ್ದುದನ್ನು ಬಿಟ್ಟು ಮುಖಕ್ಕೆ ಮಂಜು ಬಳಿಸಿದ್ದ. ನಾಳೆ ಭಾನುವಾರ ಸಂಜೆ ನಾಲ್ಕಕ್ಕೆ ಇದೇ ಚಿತ್ರ ಮೊಳಕಾಲ್ಮೂರಿನ ಸಮುದಾಯ ಭವನದಲ್ಲಿ. ಹಟ್ಟಿಯ ಯಜಮಾನ ಚಿಕ್ಕೀರಪ್ಪನೇ ಮುಖ್ಯ ಅತಿಥಿ. ಹಟ್ಟಿಯವರನ್ನು ಕರೆತರಲು ಶಿವರಂಜನಿ ಟೆಂಪೊ ಮಾಡಿದ್ದಾಳೆ.

ಅದಾದರೂ ಹೋಗಲಿ. ಕೂಗಿ ಮುಗಿಸಿ ಅಕ್ಕ ಮತ್ತೆ ಕತೆಗೆ ಬಂದು ಹೇಳಿದ ಮಾತು ಇನ್ನೂ ಇತ್ತಲ್ಲ. "ಬುತ್ತಿ ತಗಂಡು ನನ್ನ ತಮ್ಮ ಬಂದಿದ್ದ. ಕೂಸು ತಣ್ಣಗಾಗೈತೆ, ಬಂದು ನೋಡಲೇ ಅಂದೆ. ಅವನೇನು ಮಾಡ್ತಾನೆ, ಸಣ್ಣವನು. ಹನ್ನೊಂದೋ ಹನ್ನೆರಡೋ. ಹೆದರಿ ಓಡಿಹೋದ."

ಆಗ ಮುತ್ತುರಾಜನಿಗೆ ಹತ್ತೊಂಬತ್ತು.

ಚರ್ಚೆ ಶುರುವಾಗಿತ್ತು. ಯಾರೋ ಸಂವಿಧಾನದ ಕಲಂ ಹೇಳಿದರು, ಯಾರೋ ಹಟ್ಟಿಯ ಗಂಡಸರನ್ನೆಲ್ಲ ಒಳಗೆ ಹಾಕಬೇಕು ಎಂದರು. ಶಿವಮೂರ್ತಪ್ಪನವರ ಹೆಂಡತಿ ಜಗದಾಂಬ, ಯಾವತ್ತೂ ಹಿಂದಿನ ಸಾಲಿನಲ್ಲಿ ಕೂತು ಚಹಾದ ಲೋಟ ನೋಡಿಕೊಳ್ಳುವವರು, ಮೆಲ್ಲಗೆ ಎದ್ದು ನಿಂತರು. "ಬೈಯೋದು ಬೈರಿ. ನಮ್ಮತ್ತೆ ನನ್ನನ್ನ ಇದೇ ಗೋಡೌನಿನಲ್ಲಿ ಮಲಗಿಸ್ತಿದ್ರು ಮೂರು ದಿನ, ಹಿಂಡಿ ಚೀಲದ ಪಕ್ಕ. ಇವರು ಮೇಲ್ಗಡೆ ರೇಡಿಯೋ ಕೇಳ್ತಿದ್ರು." ಶಿವಮೂರ್ತಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಜಗದಾಂಬ ಕೂರುವ ಮುನ್ನ ಇನ್ನೊಂದು ಮಾತು ಸೇರಿಸಿದರು: "ನನಗೆ ಆ ತಮ್ಮಂದೇ ಯೋಚನೆ. ಪಾಪ, ಅಷ್ಟು ಸಣ್ಣ ಹುಡುಗ. ಈಗ ದೊಡ್ಡವನಾಗಿರ್ತಾನೆ. ಎಲ್ಲಿದ್ದಾನೋ, ಅದನ್ನ ಹೆಂಗೆ ಹೊತ್ಕೊಂಡು ತಿರುಗ್ತಾನೋ." ಇಡೀ ಗೋಡೌನು ಆ ಹನ್ನೆರಡರ ಹುಡುಗನಿಗಾಗಿ ಒಂದು ಗಳಿಗೆ ಮೌನವಾಯಿತು. ಆ ಮೌನದಲ್ಲಿ ಮುತ್ತುರಾಜ ಬಾಯಿ ತೆರೆದ. ತೆರೆದ ಬಾಯಿಗೆ ಒಂದು ಹಿಡಿ ಮಂಡಕ್ಕಿ ಹಾಕಿಕೊಂಡ. ಅಗಿದದ್ದು ಎಲ್ಲರಿಗೂ ಕೇಳಿಸಿತು ಎನ್ನಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. "ಚಿತ್ರಕ್ಕೆ ಹೆಗಲು ಕೊಟ್ಟ ನಮ್ಮ ಮುತ್ತುರಾಜ್ ಮೇಷ್ಟ್ರು ಮುಂದೆ ಬರಬೇಕು" ಎಂದು ಶಿವಮೂರ್ತಪ್ಪನವರು ಕರೆದರು. ಚಳ್ಳಕೆರೆಯಲ್ಲಿ ಸನ್ಮಾನ ಎಂದರೆ ಕಂಬಳಿ. ಸಂತೆಯಿಂದ ತಂದ ಹೊಸ ಕರಿ ಕಂಬಳಿಯನ್ನು ಮಡಿಕೆ ಬಿಡಿಸಿ ಅವನ ಹೆಗಲ ಮೇಲೆ ಹೊದಿಸಿದರು. ಹುಣಸೆಬೀಜದ ಗಂಜಿಯ ಬಿರುಸು ಕತ್ತಿಗೆ ಚುಚ್ಚಿತು. ಚಪ್ಪಾಳೆ. ಫೋಟೋ ತೆಗೆಯುತ್ತಿದ್ದ ಶಿವರಂಜನಿ "ಸ್ವಲ್ಪ ನಗಿ ಸರ್" ಎಂದಳು. ನಕ್ಕ.

ಮನೆಗೆ ಬಂದಾಗ ಹೆಂಡತಿ ಗಂಗಲಕ್ಷ್ಮಿ ಹಿಂದಿನ ವರಾಂಡದಲ್ಲಿ ಚಾಪೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳದೇ ತಟ್ಟೆ, ಅವಳದೇ ಲೋಟ, ಬೋರಲು. ತಿಂಗಳಿಗೆ ಮೂರು ದಿನ ಆ ತಟ್ಟೆ ವರಾಂಡಕ್ಕೆ ಬರುತ್ತದೆ, ನಾಲ್ಕನೇ ದಿನ ಒಳಗೆ ಹೋಗುತ್ತದೆ. ಹಾಗೆ ಮಾಡು ಎಂದು ಅವನು ಒಂದು ದಿನವೂ ಹೇಳಿದವನಲ್ಲ. ಮಾಡಬೇಡ ಎಂದೂ ಹೇಳಿದವನಲ್ಲ. "ಸಿನಿಮಾ ಹೆಂಗಿತ್ತು?" ಎಂದು ಕೇಳಿದಳು. "ಚೆನ್ನಾಗಿತ್ತು." "ಜುಂಜಕ್ಕ ಚೆನ್ನಾಗಿ ಮಾತಾಡ್ಯಾಳಾ?" "ಹೂಂ." ಅವಳು ಅವನ ಹೆಗಲ ಕಂಬಳಿ ನೋಡಿ, "ಅದನ್ನ ಅಲ್ಲೇ ಕುರ್ಚಿ ಮೇಲೆ ಹಾಕಿ, ನನಗೆ ತಾಗೀತು" ಎಂದು ಚಾಪೆ ಸರಿಸಿಕೊಂಡಳು. ದೇವರ ಗದ್ದಿಗೆಗೆ ಹಾಸುವ ವಸ್ತು ಅದು, ತಾಗಬಾರದು. ಎಂಎ ಮಾಡಿದವಳು. ಅವನಿಗೆ ಇದ್ದಕ್ಕಿದ್ದಂತೆ ಕೂಗಾಡಬೇಕೆನಿಸಿತು. ಯಾರ ಮೇಲೆ ಎಂದು ತಿಳಿಯದೆ ಕಂಬಳಿಯನ್ನು ಕುರ್ಚಿಯ ಮೇಲೆ ಹಾಕಿದ. ಶಿವರಂಜನಿಗೆ ಫೋನು ಮಾಡಿ ನಾಳಿನ ಪ್ರದರ್ಶನ ನಿಲ್ಲಿಸು ಎನ್ನಬಹುದಿತ್ತು. ಅಕ್ಕನ ಗುರುತು ಸಿಕ್ಕರೆ ಹಟ್ಟಿಯವರು ಕೂಟ ಸೇರಿಸುತ್ತಾರೆ, ಮಾತು ಬಿಡಿಸುತ್ತಾರೆ, ಬೆಂಕಿ ನೀರು ಕೊಡಬೇಡಿ ಎನ್ನುತ್ತಾರೆ. ಅವಳ ಸೊಸೆ ಶಿಲ್ಪ ಹಸಿ ಬಾಣಂತಿ, ಹಟ್ಟಿಯ ಹೊರಗಿದ್ದಾಳೆ. ನಿಲ್ಲಿಸಲು ಕಾರಣ ಸರಿಯಾಗಿಯೇ ಇತ್ತು. ಮೂರು ಸಲ ಹೆಸರು ಒತ್ತಲು ಹೋದ ಬೆರಳು ಮೂರು ಸಲವೂ ನಿಂತಿತು. ನಿಲ್ಲಿಸುತ್ತಿರುವುದು ಅಕ್ಕನನ್ನು ಉಳಿಸಲೋ, ಆ ಹನ್ನೆರಡರ ಹುಡುಗನನ್ನು ಹನ್ನೆರಡಕ್ಕೇ ಉಳಿಸಿಕೊಳ್ಳಲೋ, ಅದು ಅವನಿಗೆ ಬಗೆಹರಿಯಲಿಲ್ಲ.

ಮರುದಿನ ಹನ್ನೊಂದರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಮಡಿಸಿದ ಕಂಬಳಿ ತೊಡೆಯ ಮೇಲಿತ್ತು. ಯಾಕೆ ತಂದೆ ಎಂದು ಅವನಿಗೂ ಗೊತ್ತಿರಲಿಲ್ಲ. ಹೊರಡುವಾಗ ಕೈ ತಾನಾಗಿ ಎತ್ತಿಕೊಂಡಿತ್ತು. ಮಾರ್ಗಶಿರದ ಗಾಳಿ, ಬಯಲಿನ ಮೇಲೆ ತಡೆಯಿಲ್ಲದೆ ಬಂದು ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ಹೀಗೇ ಗಾಳಿ ಇತ್ತು ಅವತ್ತೂ, ಅದರ ಜೊತೆ ಮೂರು ದಿನದ ಸೋನೆ. ಚಿತ್ರದುರ್ಗದಲ್ಲಿ ಟಿಸಿಎಚ್ ಓದುತ್ತಿದ್ದವನು ರಜೆಗೆ ಬಂದಿದ್ದ. ಚೀಲದಲ್ಲಿ ಹಾಸ್ಟೆಲಿನ ಗೆಳೆಯರು ಕೊಟ್ಟ ಬಂಡಾಯದ ಪುಸ್ತಕ, ಸಾಲುಗಳ ಕೆಳಗೆ ಕೆಂಪು ಗೀಟು. ಅವ್ವ ಬುತ್ತಿ ಕಟ್ಟಿ, "ಕಲ್ಲಿನ ಮ್ಯಾಲಿಟ್ಟು ಕೂಗಿ ಹಿಂದಕ್ಕೆ ಬಂದುಬಿಡು" ಎಂದು ಕಳಿಸಿದ್ದಳು. ಹಟ್ಟಿಯ ಮುಳ್ಳುಬೇಲಿ ದಾಟಿ ನೂರು ಮಾರು ಹೋದರೆ ಚಪ್ಪಟೆ ಕಲ್ಲು, ಕಲ್ಲಿನಾಚೆ ಇಪ್ಪತ್ತು ಹೆಜ್ಜೆಗೆ ಗರಿಯ ಗುಡ್ಲು. ಬುತ್ತಿ ಇಟ್ಟ, ಕೂಗಿದ. ಅಕ್ಕ ಹೊರಗೆ ಬರಲಿಲ್ಲ, ಗುಡ್ಲ ಬಾಯಲ್ಲಿ ಕೂತೇ ಹೇಳಿದಳು. "ಮುತ್ತಾ, ಕೂಸು ತಣ್ಣಗಾಗೈತೆ. ಬಂದು ಮುಟ್ಟಿ ನೋಡಲೇ. ನನ್ನ ಕೈಯೇ ತಣ್ಣಗೈತೋ ಕೂಸೇ ತಣ್ಣಗೈತೋ ತಿಳೀವಲ್ದು." ಅವನ ತಲೆಯ ಮೇಲೆ ಮಳೆಗೆಂದು ಗೊಪ್ಪೆ ಹಾಕಿಕೊಂಡ ಕಂಬಳಿ, ತಾತನ ಕಾಲದ್ದು. "ಆ ಕಂಬಳೀನಾದ್ರೂ ಎಸೀ ಇತ್ಲಾಗೆ" ಎಂದಳು. ಎಸೆದರೆ ಅದು ಮತ್ತೆ ಮನೆಯೊಳಗೆ ಬರುವ ಹಾಗಿಲ್ಲ, ಅವ್ವ ಏನೆಂದಾಳು, ಮುಂದಿನ ವಾರ ಗದ್ದಿಗೆಗೆ ಏನು ಹಾಸುವುದು ಎಂದೆಲ್ಲ ಆ ಗಳಿಗೆಯಲ್ಲಿ ಅವನ ತಲೆ ಬಲು ಸ್ಪಷ್ಟವಾಗಿ ಯೋಚಿಸಿತು. "ಅವ್ವನ್ನ ಕಳಿಸ್ತೀನಿ ಇರು" ಎಂದ. ಹೆದರಿರಲಿಲ್ಲ. ಓಡಲೂ ಇಲ್ಲ. ಜಾರುತ್ತದೆಂದು ಹೆಜ್ಜೆ ನೋಡಿಕೊಂಡು, ಕಂಬಳಿಯನ್ನು ಗದ್ದದ ಕೆಳಗೆ ಬಿಗಿಯಾಗಿ ಹಿಡಿದುಕೊಂಡು, ನಡೆದುಕೊಂಡು ಬಂದ. ಅವ್ವ ಹೋಗುವಷ್ಟರಲ್ಲಿ ಆಗಿಹೋಗಿತ್ತು. ಇಪ್ಪತ್ನಾಲ್ಕು ವರ್ಷದಲ್ಲಿ ಅಕ್ಕ ಆ ಮಾತನ್ನು ಒಂದು ಸಲವೂ ಎತ್ತಿರಲಿಲ್ಲ. ಎತ್ತಿದ್ದರೆ ಉತ್ತರ ಕೊಡಬಹುದಿತ್ತು.

ಬಿ.ಜಿ. ಕೆರೆಯಲ್ಲಿ ಇಳಿದು, ಆಟೋದವನನ್ನು ಹಟ್ಟಿಯ ಹೊರಗೇ ನಿಲ್ಲಿಸಿ ಕಳಿಸಿದ. ಜುಂಜಮ್ಮ ರೊಪ್ಪದ ಹೊರಗೆ ಕಲ್ಲಿನ ಮೇಲೆ ಕೂತು, ತಾಯಿಲ್ಲದ ಒಂದು ಮರಿಗೆ ಸೀಸೆಯಲ್ಲಿ ಹಾಲು ಹಾಕುತ್ತಿದ್ದಳು. ನಲವತ್ತೇಳು ವರ್ಷದ ಮುಖ, ಮಂಜಿಲ್ಲದೆ, ಬಿಸಿಲಿಗೆ ಸುಟ್ಟು ಸುಕ್ಕು ಸುಕ್ಕಾಗಿ ಎದುರಿಗಿತ್ತು. ನಿನ್ನೆಯಿಂದ ಆ ಮುಖವನ್ನು ಹುಡುಕುತ್ತಿದ್ದವನ ಹಾಗೆ ಅವನು ನೋಡುತ್ತ ನಿಂತ.

"ಏನಲೇ ಹಂಗೆ ನೋಡ್ತೀಯ, ಸಾಲ ಕೊಟ್ಟೋರ ಥರ? ಬಾ ಕುಂದ್ರು. ಹೊಸಾ ಕಂಬಳಿ! ಯಾರು ಕೊಟ್ರು?"

"ಸನ್ಮಾನ ಮಾಡಿದ್ರು."

"ಯಾತಕ್ಕೆ?"

ಅವನು ಮಾತು ತಿರುಗಿಸಿದ. ಸಿನಿಮಾ ಬಂದಿದೆ ಎಂದ. ನಾಳೆ ನಾಡಿದ್ದಲ್ಲ, ಇವತ್ತೇ ಸಂಜೆ ಮೊಳಕಾಲ್ಮೂರಿನಲ್ಲಿ ತೋರಿಸುತ್ತಾರೆ, ಚಿಕ್ಕೀರಪ್ಪಣ್ಣನೂ ಬರುತ್ತಾನೆ, ಬೇಡ ಅಂದರೆ ನಿಲ್ಲಿಸಬಹುದು ಎಂದ. "ಮುಖ ಕಾಣಲ್ಲ. ಆದ್ರೆ ದನಿ..." ಎಂದು ನಿಲ್ಲಿಸಿದ.

"ತೋರ್ಸು" ಎಂದಳು ಜುಂಜಮ್ಮ.

ಶಿವರಂಜನಿ ಕಳಿಸಿದ್ದ ಚಿತ್ರ ಫೋನಿನಲ್ಲಿತ್ತು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಇಲ್ಲದ ಮುಖವನ್ನು ನೋಡಿದಳು. "ಅಯ್ಯ, ತಲೀ ಮ್ಯಾಲೆ ಮೊಸರು ಸುರಿದಂಗೈತಲ್ಲೋ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಗುಡ್ಲ ಕತೆ ಬಂದಾಗ ನಗು ನಿಂತಿತು. ತಲೆ ಬಗ್ಗಿಸಿ, ಇನ್ಯಾರದೋ ಕಷ್ಟ ಕೇಳುವವಳ ಹಾಗೆ ಕೇಳಿದಳು, ನಡುವೆ ನಡುವೆ "ಹೂಂ" ಎಂದಳು. ಆಮೇಲೆ ಫೋನಿನೊಳಗಿಂದ ಅವಳ ಕೂಗು ಹೊರಟಿತು. "ಟ್ರ್ರ್ರ... ಹೊಯ್ ಕೆಂಚೀ!" ರೊಪ್ಪದೊಳಗೆ ಮಲಗಿದ್ದ ಮೇಕೆಗಳು ಒಟ್ಟಿಗೆ ಕಿವಿ ಎತ್ತಿದವು. ಕೆಂಚಿ ಎದ್ದು ಬೇಲಿಗೆ ಬಂದು, ಮುಳ್ಳಿನ ಸಂದಿಯಲ್ಲಿ ಮೂತಿ ತೂರಿ, ಜುಂಜಮ್ಮನ ಮುಖ ನೋಡದೆ ನೇರ ಆ ಫೋನಿನ ಕಡೆಗೆ ಬ್ಯಾ ಎಂದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ತೊಡೆಯ ಮೇಲಿದ್ದ ಮರಿಯೂ ಸೀಸೆ ಬಿಟ್ಟು ಫೋನನ್ನು ಮೂಸಿತು. ಮುತ್ತುರಾಜ ನೆಲ ನೋಡಿದ.

"ಮೇಕೆಗೇ ಗೊತ್ತಾತು. ಇನ್ನು ಚಿಕ್ಕೀರಪ್ಪಂಗೆ ಗೊತ್ತಾಗಲ್ಲೇನಲೇ?" ಎಂದಳು. ದನಿಯಲ್ಲಿ ಬೈಗುಳ ಇರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ತಪ್ಪಾತಕ್ಕ. ದನಿ ಬದಲಾಯಿಸೋಣ ಅಂದಿದ್ರು, ನಾನೇ ಬ್ಯಾಡ ಅಂದೆ. ಮರೆತುಬಿಟ್ಟಿದ್ದೆ."

"ಮರೀತೀಯ ಬಿಡು. ನಿನಗೆಲ್ಲಿ ಕುರಿ."

ಫೋನು ತನ್ನಷ್ಟಕ್ಕೆ ಮುಂದುವರಿಯಿತು. ಅವನೇನು ಮಾಡ್ತಾನೆ, ಸಣ್ಣವನು. ಹನ್ನೊಂದೋ ಹನ್ನೆರಡೋ. ಹೆದರಿ ಓಡಿಹೋದ. ಜುಂಜಮ್ಮ ಗಕ್ಕನೆ ಫೋನನ್ನು ಸೀರೆಯ ಮೇಲೆ ಬೋರಲು ಹಾಕಿದಳು, ಕಾಣಬಾರದ್ದನ್ನು ಮುಚ್ಚುವ ಹಾಗೆ. ದನಿ ಸೀರೆಯೊಳಗಿಂದ ಗೊಣಗುತ್ತಲೇ ಇತ್ತು.

"ನಾನು ಸಣ್ಣವನಿರಲಿಲ್ಲ ಅಕ್ಕ."

"ಗೊತ್ತೈತೆ."

"ಹತ್ತೊಂಬತ್ತು ನನಗೆ."

"ಗೊತ್ತೈತಲೇ. ನಿನ್ನ ಎತ್ತಿ ಆಡಿಸಿದೋಳು ನಾನು, ನಿನ್ನ ವಯಸ್ಸು ನನಗೇ ಹೇಳ್ತೀಯ?"

"ಮತ್ತೆ ಯಾಕೆ ಹಂಗೆ ಹೇಳಿದೆ?"

ಅವಳು ಮರಿಯ ಬಾಯಿಗೆ ಮತ್ತೆ ಸೀಸೆ ಇಟ್ಟಳು. ಅದು ಚಪ್ಪರಿಸಲು ಶುರು ಮಾಡಿತು. "ಸಿನಿಮಾ ತೆಗೆದ ದಿನ ನೀನು ಆ ಜಾಲಿ ಗಿಡದ ಬುಡಕ್ಕೆ ಕುಂತಿದ್ದೆಯಲ್ಲ. ಗಾಳಿ ನಿನ್ನ ಕಡೀಕೆ ಬೀಸ್ತಿತ್ತು. ಕೇಳಿಸ್ತದೆ ಅಂತ ಹಂಗಂದೆ."

ಗಾಳಿಯ ದಿಕ್ಕು ಅವನಿಗೆ ನೆನಪಿರಲಿಲ್ಲ. ಅವತ್ತು ಆ ಗಿಡದ ಕೆಳಗೆ ಅವನು ಫೋನಿನಲ್ಲಿ ಯಾರದೋ ಭಾಷಣಕ್ಕೆ ಚಪ್ಪಾಳೆಯ ಚಿತ್ರ ಒತ್ತುತ್ತ ಕೂತಿದ್ದ. ಕೇಳಿಸಿರಲೇ ಇಲ್ಲ. ಕೇಳಿಸೀತು ಎಂದು ಅವಳು ಕೂಸಿನ ಸಾವಿನ ನಡುವೆಯೂ ತಮ್ಮನ ಮೇಲೊಂದು ಸೆರಗು ಎಳೆದಿದ್ದಳು. ಅವನಿಗೆ ಅಳು ಬಂತು. ಗೋಡೌನಿನಲ್ಲಿ ಬಂದಂಥದ್ದಲ್ಲ, ಮೂಗು ಸೋರಿಸುವ, ಕರವಸ್ತ್ರ ಸಿಗದ, ನೋಡುವವರಿಗೆ ಅಸಹ್ಯವಾಗುವ ಅಳು.

ಜುಂಜಮ್ಮ ಅವನನ್ನು ಸಮಾಧಾನ ಮಾಡಲಿಲ್ಲ. "ಮೂಗು ಒರೆಸ್ಕ" ಎಂದಳು. ಮರಿಯನ್ನು ಕೆಳಗಿಳಿಸಿ, ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ತಂದು ಅವನ ಮುಂದೆ ಇಟ್ಟಳು. "ಶಿಲ್ಪಂಗೆ ಕೊಟ್ಟು ಬಾ. ಇವತ್ತಿಗೆ ಹದಿನಾಲ್ಕು ದಿನ. ಪಾತಣ್ಣ ಟೊಮ್ಯಾಟೊ ಲೋಡ್ ತಗಂಡು ಹೋಗ್ಯಾನೆ." ಪಾತಣ್ಣ ಅವಳ ಮಗ. "ಕಲ್ಲು ಅಲ್ಲೇ ಐತೆ. ಬದಲಾಗಿಲ್ಲ."

ಕಲ್ಲು ಅಲ್ಲೇ ಇತ್ತು. ಬದಲಾದದ್ದೆಂದರೆ ಗರಿಯ ಗುಡ್ಲ ಜಾಗದಲ್ಲಿ ಸರ್ಕಾರದ ಸಿಮೆಂಟ್ ಕೋಣೆ, ಬಾಗಿಲ ಮೇಲೆ ಮಾಸಿದ ಯೋಜನೆಯ ಹೆಸರು, ಮುರಿದ ಕಿಟಕಿಗೆ ಕಟ್ಟಿದ ಗೊಬ್ಬರದ ಚೀಲ. ಗಾಳಿಗೆ ಚೀಲ ಹೊಟ್ಟೆ ಉಬ್ಬಿಸಿ ಉಬ್ಬಿಸಿ ಬಡಿದುಕೊಳ್ಳುತ್ತಿತ್ತು. ಪದ್ಧತಿಗೆ ಸರ್ಕಾರದವರೇ ಗೋಡೆ ಕಟ್ಟಿಕೊಟ್ಟಿದ್ದರು, ಉದ್ಘಾಟನೆ ಮಾಡಿದ್ದರು. ಶಿಲ್ಪ ಬಾಗಿಲ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಪಿಯುಸಿ ಓದಿದ ಹುಡುಗಿ, ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಫೋನು.

"ಮಾವ, ಕಲ್ಲಿನ ಮ್ಯಾಲಿಡಿ. ನಾನೇ ತಗಂತೀನಿ."

ಅವನು ಕಲ್ಲಿನ ಹತ್ತಿರ ನಿಂತ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಬುತ್ತಿ ಇಟ್ಟು ಇಟ್ಟು ನಡುವೆ ಅಂಗೈಯಷ್ಟು ನುಣುಪಾಗಿತ್ತು. ಯಾವ ಘೋಷಣೆಯೂ ನೆನಪಾಗಲಿಲ್ಲ. ಕಾಲೆತ್ತಿ ಆಚೆ ಇಟ್ಟ. ಇಪ್ಪತ್ತು ಹೆಜ್ಜೆ ಎಂದುಕೊಂಡಿದ್ದ, ಹದಿಮೂರೇ ಇತ್ತು.

ಶಿಲ್ಪ ಗಾಬರಿಯಾಗಿ ಎದ್ದು ನಿಂತಳು. "ಮಾವ! ಏನ್ ಮಾಡ್ತಿದ್ದೀರಿ? ಯಾರಾದ್ರೂ ನೋಡಿದ್ರೆ! ನಿಮಗೇನ್ರೀ, ದಾಟ್ತೀರಿ, ಬಸ್ಸು ಹತ್ತಿ ಚಳ್ಳಕೆರೆಗೆ ಹೋಗ್ತೀರಿ, ಫೇಸ್‌ಬುಕ್ಕಿಗೆ ಹಾಕ್ತೀರಿ. ಗಂಡಸಿಗೆ ಮುಟ್ಟಿಸಿದ್ಲು ಅಂತ ಇನ್ನೊಂದು ತಿಂಗಳು ಇಲ್ಲೇ ಬಿದ್ದಿರೋಳು ನಾನು."

ಅವನು ಕಪಾಳಕ್ಕೆ ಏಟು ಬಿದ್ದವನ ಹಾಗೆ ನಿಂತ. ಕೈಯಲ್ಲಿ ಬುತ್ತಿ ಇತ್ತು, ಹೆಗಲ ಮೇಲೆ ಕಂಬಳಿ. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಕಲ್ಲು ದಾಟಿದರೆ ಕತೆ ಮುಗಿಯುತ್ತದೆ ಎಂದುಕೊಂಡಿದ್ದ, ಸಿನಿಮಾದ ಹಾಗೆ. ದಾಟಿದ ಮೇಲೂ ಇನ್ನೊಬ್ಬಳ ತಲೆಯ ಮೇಲೆಯೇ ಕಾಲಿಟ್ಟಿದ್ದ. "ಹಂಗಾದ್ರೆ ಹೋಗಲ್ಲ" ಎಂದ. "ನೀನು ಒಳಗೆ ಹೋಗೋವರೆಗೂ ನಾನೂ ಹಟ್ಟಿಯೊಳಗೆ ಹೋಗಲ್ಲ. ಸ್ಕೂಲಿಗೆ ರಜೆ ಹಾಕ್ತೀನಿ. ಆ ಬೇವಿನ ಮರದ ಕೆಳಗಿರ್ತೀನಿ. ನೀನು ಮುಟ್ಟಿಸಲಿಲ್ಲ, ಅವನೇ ಬಂದು ಮುಟ್ಟಿದ ಅಂತ ಹೇಳು."

ಶಿಲ್ಪ ಅವನನ್ನು ಅಳೆಯುವಂತೆ ನೋಡಿದಳು. ನಂಬಿದಳೋ ಇಲ್ಲವೋ. ಅಷ್ಟರಲ್ಲಿ ಕೂಸು ಸೀನಿತು, ಎರಡು ಸಲ. ಅವನು ಕಂಬಳಿಯನ್ನು ಮುಂದೆ ಹಿಡಿದ. ಅವಳು ಮುಟ್ಟಿ ನೋಡಿ, "ಹೊಸಾದು ಚುಚ್ತದೆ, ಒಳಗೆ ಹಳೇ ಸೀರೆ ಹಾಕ್ಬೇಕು" ಎಂದಳು. ಸೀರೆ ತರಲು ಒಳಗೆ ಹೋಗಬೇಕಲ್ಲ. ಒಂದು ಗಳಿಗೆ ಅನುಮಾನಿಸಿ ಕೂಸನ್ನು ಅವನ ಕೈಗೆ ಕೊಟ್ಟಳು. ಬೆಚ್ಚಗಿತ್ತು. ಅದರ ಹೊಟ್ಟೆ ಅವನ ಮುಂಗೈಗೆ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿತ್ತು.

ಜುಂಜಮ್ಮ ಬಂದು ಕಲ್ಲಿನ ಈಚೆಯೇ ನಿಂತಳು. ತಲೆ ಬಾಚಿ, ಹೊರಗೆ ಹೋಗುವಾಗಿನ ಸೀರೆ ಉಟ್ಟಿದ್ದಳು. ತಮ್ಮನನ್ನು, ಅವನ ಕೈಯ ಕೂಸನ್ನು ನೋಡಿದಳು. "ದಾಟಿದೆಯಾ? ಹಂಗಾದ್ರೆ ಅಲ್ಲೇ ಇರು, ನನ್ನ ಮುಟ್ಟಬ್ಯಾಡ. ನಾನು ಟೆಂಪೊ ಹತ್ತಬೇಕು" ಎಂದಳು.

"ಎಲ್ಲಿಗಕ್ಕ?"

"ಮೊಳಕಾಲ್ಮೂರಿಗೆ. ನನ್ನ ಸಿನಿಮಾ ನಾನು ನೋಡಬ್ಯಾಡವಾ? ಹೆಂಗೂ ಚಿಕ್ಕೀರಪ್ಪಂಗೆ ಗೊತ್ತಾಗ್ತದೆ. ಹಿಂದಿನಿಂದ ಬಂದು ಕೇಳೋ ಬದಲು ಪಕ್ಕದಲ್ಲೇ ಕುಂತಿರ್ತೀನಿ. ಕೇಳಲಿ. ನಾಳೆ ನನ್ನ ಮೊಮ್ಮಗಳನ್ನ ಒಳಗೆ ಕರ್ಕಂತೀನಿ ಅಂತಾನೂ ಅಲ್ಲೇ ಹೇಳ್ತೀನಿ."

"ಅತ್ತೇ" ಎಂದಳು ಶಿಲ್ಪ ಬಾಗಿಲಲ್ಲಿ ನಿಂತು.

"ಒಪ್ತಾರೇನಕ್ಕ?"

"ಯಾರಿಗ್ಗೊತ್ತು. ಒಪ್ಪದಿದ್ರೆ ನಾನೂ ಬಂದು ಇಲ್ಲೇ ಮಲಗ್ತೀನಿ. ನೀನು ಬೇವಿನ ಮರದ ಕೆಳಗೆ." ನಗಲು ನೋಡಿದಳು. ಕೈ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು. ಹೆದರಿಕೆ ಅಲ್ಲಿತ್ತು.

"ಅಕ್ಕಾ, ಆ ತಮ್ಮ ಯಾರು ಅಂತ ಕೇಳ್ತಾರೆ. ನಿನ್ನೆ ಕೇಳಿದ್ರು."

"ಏನಂದೆ?"

"ಮಂಡಕ್ಕಿ ತಿಂದೆ."

ಜುಂಜಮ್ಮ ಅವನನ್ನೇ ನೋಡಿದಳು. "ಅದನ್ನ ನಾನು ಹೇಳಂಗಿಲ್ಲಪ್ಪ. ನನ್ನ ಕೈಲಾದಷ್ಟು ನಾನು ಮುಚ್ಚಿದೀನಿ. ತೆಗೆಯೋದಾದ್ರೆ ನೀನೇ ತೆಗೀ." ದೂರದಲ್ಲಿ ಟೆಂಪೊದ ಹಾರನ್ನು ಕೇಳಿಸಿತು. ಅವಳು ತಿರುಗಿ ನಡೆದಳು. ಬೇಲಿಯ ಹತ್ತಿರ ಹೋಗಿ ಅಭ್ಯಾಸಬಲದಿಂದ ಒಂದು ಸಲ ಕೂಗಿದಳು, ಟ್ರ್ರ್ರ, ಇಡೀ ಹಟ್ಟಿಗೆ ಕೇಳುವ ಹಾಗೆ. ರೊಪ್ಪದ ಮೇಕೆಗಳೆಲ್ಲ ಉತ್ತರ ಕೊಟ್ಟವು.

ಟೆಂಪೊದ ಧೂಳು ಇಳಿಯುವ ಮೊದಲೇ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎರಡೂ ಕೈಯಲ್ಲಿ ಕೂಸು. ಶಿಲ್ಪ ಬಂದು ಜೇಬಿನಿಂದ ತೆಗೆದು ಅವನ ಕಿವಿಗೆ ಹಿಡಿದಳು. ಶಿವರಂಜನಿ. "ಸರ್, ಎಲ್ಲಿದ್ದೀರಿ? ಚಿತ್ರ ಆದ್ಮೇಲೆ ನೀವೇ ಮಾತಾಡೋದು, ಕಾರ್ಡಲ್ಲಿ ಹೆಸರಿದೆ."

"ನಾನು ಬರೋಕಾಗಲ್ಲಮ್ಮ. ಹೊರಗಿದ್ದೀನಿ."

"ಹೊರಗೆ ಅಂದ್ರೆ?"

ಅವನು ಕೂಸನ್ನು ಎದೆಗೆ ಸರಿಮಾಡಿಕೊಂಡ. "ಸಿನಿಮಾದಲ್ಲಿರೋ ಆ ತಮ್ಮ ಮಾತಾಡ್ತಾನೆ. ಅವನ ಮಾತು ಕಳಿಸ್ತೀನಿ, ಕೊನೆಗೆ ಪರದೆ ಮೇಲೆ ಹಾಕು" ಎಂದ. ಆ ಕಡೆಯಿಂದ ಶಿವರಂಜನಿ, "ಸಿಕ್ಕಿದ್ರಾ ಸರ್ ಅವರು?" ಎಂದಳು, ಸಂತೋಷದಲ್ಲಿ.

"ಸಿಕ್ಕಿದ."

ಶಿಲ್ಪ ಫೋನು ಇಳಿಸಿ ಅವನ ಮುಖ ನೋಡಿದಳು. ಬಿಡಿಸಿ ಕೇಳಲಿಲ್ಲ, ಹಟ್ಟಿಯ ಸೊಸೆ, ಒಲೆಯ ಮುಂದೆ ಅರ್ಧ ಅರ್ಧ ಕೇಳಿದ್ದು ಈಗ ಒಂದಾಯಿತೆನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಹಳೇ ಸೀರೆಯನ್ನು ಕಂಬಳಿಯೊಳಗೆ ಹಾಸಿ ಕೂಸಿಗೆ ಸುತ್ತಿದಳು. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋಗಿ, ಬುತ್ತಿ ಇಡುವ ಕಲ್ಲಿನ ಹತ್ತಿರ ನಿಂತು, ಫೋನನ್ನು ಅಡ್ಡ ಹಿಡಿದಳು.

"ಹೇಳಿ ಮಾವ. ಕೂಸಿನ ಮುಖ ಬ್ಯಾಡ, ಅದು ಬರದಂಗೆ ನಾನು ನೋಡ್ಕಂತೀನಿ." ಒಂದು ಕಣ್ಣು ಕಿರಿದು ಮಾಡಿ ಪರದೆ ನೋಡಿದಳು. "ನಿಮ್ದು? ಕಾಣಂಗೆ ತೆಗೀಲಾ, ಕಾಣ್ದಂಗಾ?"

ಅವನು ಕೋಣೆಯ ಪಕ್ಕದ ಬೇವಿನ ಮರದ ನೆರಳಿಗೆ ಸರಿದು ನಿಂತಿದ್ದ. ಕೂಸಿನ ತಲೆಯನ್ನು ಕಂಬಳಿಯಿಂದ ಮುಚ್ಚಿಕೊಂಡು, ಎರಡು ಹೆಜ್ಜೆ ಮುಂದೆ, ಬಿಸಿಲಿಗೆ ಬಂದ.